ಬಳಸಿದ ವಸ್ತುವಿನ ಕ್ರಯ

ವಾಚಕ ಮಹಾಶಯರೆ, ನೀತಿ ಸದಾಚಾರಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಹಳೆಯ ಮೊಬೈಲು ಫೋನಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ನೀತಿಯ ಪ್ರಶ್ನೆಗಳು ನಮ್ಮ ಬಳಿಗೆ ಬರುವಾಗ ಪೀಠಿಕೆ ಹಾಕಿಕೊಂಡು ಬರುವುದಿಲ್ಲ. ಅವು ಸಂತೆಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಕಿಸೆಯೊಳಗಿನ ನೋಟುಗಳನ್ನು ಬೆರಳಿನಿಂದಲೇ ಎಣಿಸುವ ಹೊತ್ತಿನಲ್ಲಿ ಬರುತ್ತವೆ. ಈಚೆಗೆ ಅಂಥದೊಂದು ಪ್ರಶ್ನೆ ನಮ್ಮ ಪಾಲಿಗೂ ಬಂದಿತು.

ಹುನಗುಂದ ಸೀಮೆಯ ರಾಮಥಾಳದಲ್ಲಿ ನಮ್ಮ ಹಳೆಯ ಸಹಪಾಠಿಯೊಬ್ಬರಿದ್ದಾರೆ. ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ನಾವು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯನ್ನು ಮೇಲೆತ್ತಿ, ಸುಮಾರು 24,000 ಹೆಕ್ಟೇರು ಭೂಮಿಗೆ ಹನಿಹನಿಯಾಗಿ ಉಣಿಸಬೇಕೆಂದು ಹೂಡಿದ ನೀರಾವರಿ ಯೋಜನೆಗೆ ಈ ಊರಿನ ಹೆಸರೇ ಇರುವುದರಿಂದ ದೂರದ ವಾಚಕರೂ ಅದನ್ನು ಕೇಳಿರಬಹುದು. ಗೆಳೆಯರದು ಎರೆಹೊಲದ ಸಾಧಾರಣ ಒಕ್ಕಲುತನ. ಜೋಳ, ಕಡಲೆ ಅವರ ಬೆಳೆ. ಮಗಳು ಇಳಕಲ್ಲಿನಲ್ಲಿ ಪದವಿ ತರಗತಿಗೆ ಸೇರಿ ವಸತಿನಿಲಯದಲ್ಲಿ ಉಳಿಯಬೇಕಾಯಿತು. ಪಾಠದ ಟಿಪ್ಪಣಿಯಿಂದ ಹಿಡಿದು ವಿದ್ಯಾರ್ಥಿವೇತನದ ಅರ್ಜಿಯವರೆಗೆ ಎಲ್ಲವೂ ಫೋನಿನ ಮೂಲಕವೇ ನಡೆಯುವ ಕಾಲ. ಹೊಸದನ್ನು ಕೊಡಿಸುವ ಶಕ್ತಿ ಆ ವರ್ಷದ ಬೆಳೆಗಿರಲಿಲ್ಲ. ಐದು ಸಾವಿರ ರೂಪಾಯಿಯೊಳಗೆ ಎರಡು ಹಳೆಯ ಫೋನುಗಳು ಅವರ ಕಣ್ಣಿಗೆ ಬಿದ್ದಿದ್ದವು. ಯಾವುದನ್ನು ಕೊಳ್ಳಲಿ ಎಂದು ನಮ್ಮನ್ನು ಕೇಳಿದರು.

ಒಂದು, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ 31. ಅದೇ ಊರಿನ ಮಾಸ್ತರರೊಬ್ಬರು ಬಳಸಿದ್ದು. ಬೆಲೆ 5,000 ರೂಪಾಯಿ. ಇನ್ನೊಂದು, ರೆಡ್ಮಿ ನೋಟ್ 9 ಪ್ರೊ. ಪೇಟೆಯ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದದ್ದು, ಬೆಲೆ 3,800. ಮೊದಲನೆಯದು 2020ರ ಫೆಬ್ರವರಿಯಲ್ಲಿ, ಎರಡನೆಯದು ಅದರ ಮರುತಿಂಗಳು ನಮ್ಮ ದೇಶದಲ್ಲಿ ಘೋಷಣೆಯಾದವು. ಹೀಗಾಗಿ ವಯಸ್ಸಿನಲ್ಲಿ ಅವು ಅವಳಿಗಳೇ ಸರಿ.

ಗುಣಾವಗುಣಗಳ ತುಲನೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಸುಲಭದ ಭಾಗ. ಎಂ 31ರ ಬ್ಯಾಟರಿ 6,000 ಎಂಎಎಚ್ ಶಕ್ತಿಯದು, ನೋಟ್ 9 ಪ್ರೊದ್ದು 5,020. ಲಿಥಿಯಂ ಬ್ಯಾಟರಿಯು ಸುಮಾರು ಐದುನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಸಾಮಾನ್ಯವಾಗಿ ತನ್ನ ಶಕ್ತಿಯ ಐದನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಅಷ್ಟು ಸವೆದ ಮೇಲೂ ಮೊದಲನೆಯದರಲ್ಲಿ 4,800 ಉಳಿಯುತ್ತದೆ. ಎರಡನೆಯದು ಹೊಸದಿದ್ದಾಗ ಹೊಂದಿದ್ದ ಶಕ್ತಿಗೆ ಅದು ಹೆಚ್ಚುಕಡಿಮೆ ಸಮ. ಎರಡನೆಯದರ ಪರದೆ ದೊಡ್ಡದು, 6.67 ಅಂಗುಲ, ಓದುವ ಹುಡುಗಿಗೆ ಅನುಕೂಲ. ಅದರ ಗಾಜೂ ಹೆಚ್ಚು ಗಟ್ಟಿ ತಳಿಯದು. ಮೊದಲನೆಯದರ ಪರದೆ 6.4 ಅಂಗುಲದ ಅಮೊಲೆಡ್. ಬಣ್ಣದಲ್ಲಿ ಸುಂದರ, ಆದರೆ ಆ ಜಾತಿಯ ಪರದೆಯ ಮೇಲೆ ಬಹುಕಾಲ ನಿಂತ ಚಿತ್ರದ ನೆರಳು ಅಚ್ಚೊತ್ತಿಬಿಡುವುದುಂಟು. ಇನ್ನೊಂದು ಸಂಗತಿ ಎರಡಕ್ಕೂ ಸಮಾನ. ಎರಡೂ ಆಂಡ್ರಾಯ್ಡ್ 10ನೆಯ ಆವೃತ್ತಿಯೊಡನೆ ಹುಟ್ಟಿ 12ನೆಯದರಲ್ಲಿ ನಿಂತವು. ಇಂದು ಎರಡಕ್ಕೂ ತಯಾರಕರಿಂದ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ. ಓದಿಗೆ, ಮಾತಿಗೆ ಅಡ್ಡಿಯಿಲ್ಲ. ಆದರೆ ಮನೆಯ ಉಳಿತಾಯವನ್ನೆಲ್ಲ ಇಟ್ಟ ಬ್ಯಾಂಕು ಖಾತೆಯನ್ನು ಇಂಥ ಫೋನಿಗೆ ಜೋಡಿಸಬಾರದು, ಖರ್ಚಿಗೆ ಬೇಕಾದಷ್ಟೇ ಹಣವಿರುವ ಬೇರೊಂದು ಖಾತೆ ಸಾಕು ಎಂದು ಗೆಳೆಯರಿಗೆ ಮೊದಲೇ ಹೇಳಿದೆವು.

ತುಲನೆ ಇಲ್ಲಿಗೆ ಮುಗಿಯಿತು. ಇಷ್ಟನ್ನೇ ನೋಡಿದರೆ ಬೆಲೆ ಕಡಿಮೆಯಿರುವ ಎರಡನೆಯದೇ ವಾಸಿ ಎಂದು ಯಾರೂ ಹೇಳಿಯಾರು. ಗೆಳೆಯರೂ ಹಾಗೆಯೇ ನಿಶ್ಚಯಿಸಿದ್ದರು. ಸುಮ್ಮನೆ ನಮ್ಮಿಂದ ಹೂಂ ಎನ್ನಿಸಿಕೊಳ್ಳಲು ಬಂದಿದ್ದರೆಂದು ತೋರುತ್ತದೆ. ಅದರ ರಸೀದಿ ಇದೆಯೆ, ಮೊದಲು ಯಾರದಾಗಿತ್ತು ಎಂದು ನಾವು ಕೇಳಿದೆವು. ಅವರು ನಕ್ಕು, “ಅದನ್ನೆಲ್ಲ ಕೇಳಬಾರದ್ರಿ, ಕೇಳಿದ್ರ ರೇಟು ಏರತೈತಿ” ಎಂದರು.

ವಾಚಕರೆ, ಈ ಒಂದು ಮಾತಿನಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ. ನಮ್ಮ ಗೆಳೆಯರು ಕಳ್ಳರಲ್ಲ. ಹೊಲದ ಬದುವಿನಲ್ಲಿ ಒಂದು ಗೇಣು ನೆಲವನ್ನೂ ಅಕ್ಕಪಕ್ಕದವರಿಂದ ಒತ್ತಿಕೊಂಡವರಲ್ಲ. ಆದರೂ ಅವರ ಮನಸ್ಸಿನ ಒಂದು ಮೂಲೆಗೆ ಏನೋ ತಿಳಿದಿತ್ತು. ಹೊಸದರಂತಿರುವ ವಸ್ತು ಇಷ್ಟು ಅಗ್ಗವಾಗಿ ದೊರೆಯುವುದಕ್ಕೆ ಕಾರಣವಿರಬೇಕು. ಆ ಕಾರಣ ಗೊತ್ತಾದರೆ ಕೊಳ್ಳುವುದು ಕಷ್ಟವಾದೀತು. ಆದ್ದರಿಂದ ಗೊತ್ತಾಗದಿರುವುದೇ ಲೇಸು. ಅಜ್ಞಾನವು ಸಹಜವಾಗಿದ್ದರೆ ಅದು ಕ್ಷಮ್ಯ. ಇಲ್ಲಿಯದು ಹಣ ಉಳಿಸಲೆಂದು ತಾನಾಗಿ ಇಟ್ಟುಕೊಂಡ ಅಜ್ಞಾನ. ಹಾಗೆ ಉಳಿಸಿದ ಸಾವಿರ ರೂಪಾಯಿ, ಕೇಳದೆ ಬಿಟ್ಟ ಪ್ರಶ್ನೆಗೆ ನಾವು ಪಡೆದ ಕೂಲಿಯಲ್ಲದೆ ಮತ್ತೇನು? ಸುಳ್ಳು ಹೇಳುವುದು ತಪ್ಪೆಂದು ಮಕ್ಕಳಿಗೆ ಕಲಿಸುತ್ತೇವೆ. ಸುಳ್ಳು ಹೇಳುವ ಪ್ರಸಂಗ ಎದುರಿನವನಿಗೆ ಬಾರದಂತೆ ನಾವೇ ಮೌನವಾಗಿ ಏರ್ಪಾಟು ಮಾಡಿಕೊಡುವುದು ಎಂಥದೆಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಹಳೆಯದನ್ನು ಕೊಳ್ಳುವುದು ನಮ್ಮ ಸೀಮೆಗೆ ಹೊಸತೇನಲ್ಲ. ದುಡಿದ ಎತ್ತನ್ನೇ ಅಲ್ಲವೆ ನಮ್ಮ ಹಿರಿಯರು ಜಾತ್ರೆಯ ದನದ ಪೇಟೆಯಲ್ಲಿ ಕೊಳ್ಳುತ್ತಿದ್ದುದು? ಅಲ್ಲಿಯ ಪದ್ಧತಿಯನ್ನು ಕಂಡವರಿಗೆ ನೆನಪಿರಬಹುದು. ದಲ್ಲಾಳಿ ಮತ್ತು ಗಿರಾಕಿ ಒಂದು ವಸ್ತ್ರದ ಮರೆಯಲ್ಲಿ ಕೈ ಕೈ ಹಿಡಿದು ಬೆರಳಿನ ಲೆಕ್ಕದಲ್ಲಿ ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಬಾಯಿಂದ ಒಂದು ಸಂಖ್ಯೆಯೂ ಹೊರಡುತ್ತಿರಲಿಲ್ಲ. ಆದರೆ ಎತ್ತು ಮಾತ್ರ ಎಲ್ಲರ ಕಣ್ಣೆದುರಿಗೆ ನಿಂತಿರುತ್ತಿತ್ತು. ಅದರ ಬಾಯಿ ತೆರೆದು ಕೆಳದವಡೆಯ ಮುಂದಿನ ಹಲ್ಲುಗಳನ್ನು ಎಣಿಸುವರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಂಟೂ ಮೂಡಿ ಬಾಯಿಗೂಡಿದ್ದೋ ನೋಡಿ ವಯಸ್ಸು ಹೇಳುವರು. ನಡೆಸಿ ನೋಡುವರು, ನೊಗಕ್ಕೆ ಹೂಡಿ ನೋಡುವರು, ಸುಳಿ ನೋಡುವರು. ಯಾವ ಊರಿನ ಯಾರ ಮನೆಯ ಎತ್ತೆಂಬುದನ್ನು ಕೇಳದೆ ಹಗ್ಗಕ್ಕೆ ಕೈ ಹಾಕುತ್ತಿದ್ದವರು ವಿರಳ. ಅಂದು ಬೆಲೆ ಮುಚ್ಚಿದ್ದರೂ ವಸ್ತು ತೆರೆದಿರುತ್ತಿತ್ತು. ಈಗಿನ ಅಂಗಡಿಯಲ್ಲಿ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಅಂಟಿಸಿರುತ್ತಾರೆ. ವಸ್ತುವಿನ ಪೂರ್ವಾಪರ ವಸ್ತ್ರದ ಕೆಳಗೆ ಹೋಗಿದೆ. (ದನದ ಪೇಟೆಯಲ್ಲಿ ಮೋಸವೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಎತ್ತಿನ ಕೊಂಬಿಗೆ ಎಣ್ಣೆ ಸವರಿ ಹರೆಯದ ಹೊಳಪು ತರುವ ಜಾಣರು ಆಗಲೂ ಇದ್ದರು.)

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಗೆಳೆಯರೇ ಅದನ್ನು ಎತ್ತಿದರು. ಉಳ್ಳವರು ರಸೀದಿ ಕೇಳಿ ಹೊಸದನ್ನು ಕೊಳ್ಳಬಲ್ಲರು, ಇಲ್ಲದವರಿಗೆ ಇಂಥ ಸೂಕ್ಷ್ಮಗಳು ಕಟ್ಟಿಬರುವವೆ? ಮಾತಿನಲ್ಲಿ ತೂಕವಿದೆ. ಬಡವನ ಮೇಲೆ ನೀತಿಯ ಹೊರೆಯನ್ನು ಹೆಚ್ಚಾಗಿ ಹೊರಿಸಿ ಉಳ್ಳವನನ್ನು ಹಗುರಾಗಿ ಬಿಡುವುದು ಉಪದೇಶಕರ ಹಳೆಯ ಚಾಳಿ; ನಾವೂ ಅದರಿಂದ ಹೊರತಲ್ಲ. ಆದರೆ ಫೋನನ್ನು ಕಳೆದುಕೊಂಡವನು ಯಾರೆಂಬುದನ್ನೂ ಊಹಿಸಬೇಕು. ನಮ್ಮ ಭಾಗದಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಎಷ್ಟಿಲ್ಲ! ರಾತ್ರಿಯ ಬಸ್ಸಿನಲ್ಲಿ ನಿದ್ದೆಗಣ್ಣಿನಲ್ಲಿರುವಾಗ ಕಿಸೆಯಿಂದ ಹೋಗುವುದು ಅಂಥವರ ಫೋನು. ಅದರೊಡನೆ ಕೂಲಿಯ ಲೆಕ್ಕ, ಮೇಸ್ತ್ರಿಯ ನಂಬರು, ತೀರಿಕೊಂಡ ತಾಯಿಯ ಭಾವಚಿತ್ರ ಎಲ್ಲವೂ ಹೋಗುತ್ತವೆ. ಒಬ್ಬ ಬಡವನಿಗೆ ಬಂದ ಅಗ್ಗ ಇನ್ನೊಬ್ಬ ಬಡವನಿಗೆ ಬಂದ ನಷ್ಟವಾಗಿದ್ದರೆ, ಬಡತನವನ್ನೇ ಅದಕ್ಕೆ ಸಮರ್ಥನೆಯಾಗಿ ಹೇಳುವುದು ಹೇಗೆ?

ರಸೀದಿ ಇಲ್ಲದ ಫೋನೆಲ್ಲ ಕದ್ದದ್ದೆಂದು ಭಾವಿಸುವುದೂ ಅನ್ಯಾಯವೇ. ಡಬ್ಬಿಯನ್ನು ಮಕ್ಕಳು ಆಟಕ್ಕೆ ಹರಿದಿರುತ್ತಾರೆ, ಕಾಗದವನ್ನು ಇಲಿ ತಿಂದಿರುತ್ತದೆ. ಅದಕ್ಕಾಗಿಯೇ ಕೇಳಿ ತಿಳಿಯಬೇಕು. ತಿಳಿಯುವ ದಾರಿ ಈಗ ಕಠಿಣವಲ್ಲ. ಯಾವ ಫೋನಿನಲ್ಲೇ ಆಗಲಿ, ನಕ್ಷತ್ರ, ಜಾಲರಿ, 06, ಮತ್ತೆ ಜಾಲರಿ, ಅಂದರೆ *#06# ಎಂದು ಒತ್ತಿದರೆ ಅದರ 15 ಅಂಕಿಗಳ ಐಎಂಇಐ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಒಂದು ಖಾಲಿ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಅದು ಯಾವ ಮಾದರಿಯದು, ನಿರ್ಬಂಧಕ್ಕೆ ಒಳಗಾಗಿದೆಯೆ ಎಂಬ ಉತ್ತರ ಬರುತ್ತದೆ. ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ತೆರೆದ ಸಂಚಾರ್ ಸಾಥಿ ಎಂಬ ವ್ಯವಸ್ಥೆಯಲ್ಲಿಯೂ ಇದನ್ನು ನೋಡಬಹುದು. ಕಳೆದುಕೊಂಡವರು ತಮ್ಮ ಫೋನು ಕೆಲಸ ಮಾಡದಂತೆ ಅಲ್ಲಿಂದಲೇ ತಡೆಹಾಕಿಸಬಹುದು. ದೂರು ಕೊಡದವರ ಫೋನು ಇಲ್ಲಿ ನಿರ್ದೋಷಿಯಾಗಿಯೇ ಕಾಣುತ್ತದೆ, ಆದ್ದರಿಂದ ಇದು ಪೂರ್ಣ ಪ್ರಮಾಣವಲ್ಲ. ಆದರೂ ‘ನಮಗೆ ಗೊತ್ತಾಗುವ ಬಗೆ ಇರಲಿಲ್ಲ’ ಎಂಬ ಮಾತಿಗೆ ಈಗ ಹಿಂದಿನ ಬಲವಿಲ್ಲ. ಕಳವಿನ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಅದನ್ನು ಪಡೆಯುವುದು ಅಪರಾಧವೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಹೇಳುತ್ತದೆ. ‘ನಂಬಲು ಕಾರಣವಿದ್ದೋ’ ಎಂಬ ಮಾತನ್ನು ಗಮನಿಸಿರಿ. ಮನಸ್ಸಿನ ಆ ಮೂಲೆಯನ್ನು ಕಾನೂನು ಕೂಡ ಬಲ್ಲದು.

ಇನ್ನು ಮಾಸ್ತರರ ಫೋನಿನ ಕಡೆ ಬರೋಣ. ಇಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ, ಮತ್ತು ನಮಗೆ ಇದೇ ಹೆಚ್ಚು ಕಠಿಣವೆಂದು ತೋರಿತು. ಆ ಮಾಸ್ತರರು ಯಾರೂ ಕೇಳದಿದ್ದರೂ ತಮ್ಮ ಫೋನಿನ ದೋಷಗಳನ್ನೆಲ್ಲ ತಾವೇ ಹೇಳಿದ್ದರು. ಒಮ್ಮೆ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಬ್ಯಾಟರಿ ಬೆಳಗ್ಗೆ ತುಂಬಿಸಿದರೆ ಸಂಜೆಯವರೆಗೆ ಮಾತ್ರ. ಪರದೆಯ ಕೆಳಭಾಗದಲ್ಲಿ ಅಕ್ಷರಮಣೆಯ ಮಸುಕು ನೆರಳು ನಿಂತಿದೆ. ಇದನ್ನು *#0*# ಒತ್ತಿ, ಕೆಂಪು ಹಸಿರು ನೀಲಿ ಬಣ್ಣಗಳನ್ನು ತುಂಬಿಸಿ, ಅವರೇ ತೋರಿಸಿದರಂತೆ. ಹಿಂಬದಿ ಉಬ್ಬಿಲ್ಲವೆಂಬುದನ್ನು ಮೇಜಿನ ಮೇಲೆ ಮಲಗಿಸಿ ತೋರಿಸಿದರಂತೆ. ಉಬ್ಬಿದ ಬ್ಯಾಟರಿ ಅಪಾಯಕಾರಿಯಾದುದರಿಂದ ಇದು ಮುಖ್ಯ. ಖರೀದಿಯ ರಸೀದಿಯೂ ಅವರ ಕಪಾಟಿನಲ್ಲಿತ್ತು.

ಇದರ ಫಲವೇನಾಯಿತು? ಗೆಳೆಯರ ಮನಸ್ಸಿನಲ್ಲಿ ಆ ಫೋನು ‘ಇಷ್ಟೆಲ್ಲ ಕುಂದಿರುವ ಫೋನು’ ಆಯಿತು. ಅಂಗಡಿಯದು ಏನನ್ನೂ ಹೇಳದೆ ಕುಂದಿಲ್ಲದ್ದಾಯಿತು. ಅದರ ಬ್ಯಾಟರಿಯೂ ಅಷ್ಟೇ ವರ್ಷ ಸವೆದಿರಬಹುದೆಂಬುದು ಹೊಳೆಯಲಿಲ್ಲ. ಹೇಳಿದ ದೋಷ ದೊಡ್ಡದಾಗಿ ಕಾಣುತ್ತದೆ, ಹೇಳದ ದೋಷ ಕಾಣುವುದೇ ಇಲ್ಲ. ಅಷ್ಟೇ ಅಲ್ಲ, ಆ ಬಿರುಕು, ಆ ನೆರಳು ಇವುಗಳನ್ನೇ ಹಿಡಿದು 4,000ಕ್ಕೆ ಇಳಿಸಬೇಕೆಂದು ಗೆಳೆಯರು ಯೋಚಿಸಿದ್ದರು. ಚೌಕಾಸಿ ತಪ್ಪೆಂದು ನಾವು ಹೇಳುವುದಿಲ್ಲ. ಅದಿಲ್ಲದ ಸಂತೆ ಸಂತೆಯೇ ಅಲ್ಲ. ಆದರೆ ಮಾಸ್ತರರು ಆ ಕುಂದುಗಳನ್ನು ಎಣಿಸಿಯೇ 5,000 ಎಂದಿದ್ದರೆ, ಅವುಗಳಿಗಾಗಿ ಇನ್ನೊಮ್ಮೆ ಕಡಿತ ಕೇಳುವುದು ಸತ್ಯ ಹೇಳಿದ್ದಕ್ಕೆ ದಂಡ ಹಾಕಿದಂತೆ. ಹೀಗೆ ಎರಡು ಸಲ ದಂಡ ತೆತ್ತ ಮನುಷ್ಯ ಮೂರನೆಯ ಸಲ ಬಾಯಿ ಮುಚ್ಚುತ್ತಾನೆ. ಮಾರುವವರೆಲ್ಲ ಸುಳ್ಳರೆಂದು ಗೊಣಗುವ ನಾವು ಅವರನ್ನು ಹಾಗೆ ಮಾಡುವುದರಲ್ಲಿ ನಮ್ಮ ಪಾಲೆಷ್ಟೆಂದು ಎಂದಾದರೂ ಲೆಕ್ಕ ಹಾಕಿದ್ದೇವೆಯೆ? ಅದಕ್ಕೆ ನಾವು ಗೆಳೆಯರಿಗೆ ಹೇಳಿದ್ದು ಇಷ್ಟು: ಈ ಬೆಲೆಯಲ್ಲಿ ಕುಂದುಗಳು ಸೇರಿವೆಯೆ ಎಂದು ನೇರವಾಗಿ ಕೇಳಿರಿ, ಹೌದೆಂದರೆ ಅವುಗಳ ಹೆಸರೆತ್ತಬೇಡಿರಿ.

ಎರಡು ದಿನಗಳ ಬಳಿಕ ಗೆಳೆಯರು ಅಂಗಡಿಗೂ ಹೋದರು. ಸಂಖ್ಯೆಯನ್ನು ಬರೆದುಕೊಂಡು ಸಂದೇಶ ಕಳಿಸಿದರು. ಉತ್ತರದಲ್ಲಿ ಯಾವ ದೋಷವೂ ಇರಲಿಲ್ಲ. ಮೊದಲಿನ ಒಡೆಯ ಯಾರೆಂದು ಕೇಳಿದಾಗ ಅಂಗಡಿಯಾತ ಸಿಟ್ಟಾಗಲಿಲ್ಲ. ಗಲ್ಲಾದ ಕೆಳಗಿನಿಂದ ಒಂದು ದಪ್ಪ ವಹಿಯನ್ನು ತೆಗೆದು, ಮಾರಿದವನ ಸಹಿ, ಗುರುತಿನ ಚೀಟಿಯ ನಕಲು ಎರಡನ್ನೂ ತೋರಿಸಿದ. “ಇಷ್ಟು ವರ್ಷದಾಗ ಇದನ್ನ ಕೇಳಿದವರು ನೀವ ಮೊದಲಿಗರು ನೋಡ್ರಿ” ಎಂದನಂತೆ. ಬೆಲೆಯೂ ಏರಲಿಲ್ಲ. ಅಗ್ಗವಾಗಿದ್ದದ್ದಕ್ಕೆ ಕಾರಣ, ಅದು ನಾಲ್ಕು ತಿಂಗಳಿನಿಂದ ಮಾರಾಟವಾಗದೆ ಉಳಿದದ್ದು. ನಮ್ಮ ಗೆಳೆಯರು ಮನಸ್ಸಿನಲ್ಲೇ ಕಳ್ಳಮಾಲೆಂದು ತೀರ್ಪು ಕೊಟ್ಟು, ಅದೇ ತೀರ್ಪಿನ ಮೇಲೆ ಅಗ್ಗಕ್ಕೆ ಕೊಳ್ಳಲು ಸಿದ್ಧರಾಗಿದ್ದರು! ಕೇಳದೆ ಕೊಂಡಿದ್ದರೆ ಆ ನಿರಪರಾಧಿ ವರ್ತಕ ಅವರ ಪಾಲಿಗೆ ಎಂದೆಂದಿಗೂ ಕಳವಿನ ಮಾಲು ಮಾರುವವನಾಗಿಯೇ ಉಳಿಯುತ್ತಿದ್ದ.

ಹೀಗೆ ಎರಡು ಫೋನುಗಳೂ ಶುದ್ಧವಾಗಿ ನಿಂತ ಮೇಲೆ ಆಯ್ಕೆ ಮಗಳದಾಯಿತು. ದೊಡ್ಡ ಪರದೆಯದನ್ನು ಅವಳು ಕೈಯಲ್ಲಿ ಹಿಡಿದು ನೋಡಿದಳಂತೆ, ಬಹಳ ಹೊತ್ತು ನೋಡಿದಳಂತೆ. ಕಡೆಗೆ ಮಾಸ್ತರರದನ್ನೇ ಕೊಂಡರು. ಕುಂದುಗಳು ಬೆಲೆಯಲ್ಲಿ ಸೇರಿದ್ದವೆಂದು ಮಾಸ್ತರರು ಹೇಳಿದ್ದರಿಂದ ಗೆಳೆಯರು ಚೌಕಾಸಿ ಮಾಡಲಿಲ್ಲ. ಮಾಸ್ತರರು ತಮ್ಮ ಖಾತೆಯನ್ನು ಅದರಿಂದ ಬಿಡಿಸಿ, ಒಳಗಿದ್ದುದನ್ನೆಲ್ಲ ಅಳಿಸಿ, ರಸೀದಿಯ ಹಿಂದೆ ಮಾರಿದ ತಾರೀಖು ಬರೆದು ಸಹಿ ಹಾಕಿ ಕೊಟ್ಟರು.

ಹುಡುಗಿ ಈಗ ಇಳಕಲ್ಲಿನಿಂದ ದಿನವೂ ಸಂಜೆ ಆರಕ್ಕೆ ತಂದೆಗೆ ಫೋನು ಮಾಡುತ್ತಾಳೆ. ಏಳು ಗಂಟೆಗೆ ಬ್ಯಾಟರಿ ಮುಗಿದಿರುತ್ತದೆ. ಮಾಸ್ತರರು ಹೇಳಿದ್ದು ಗಡಿಯಾರದಂತೆ ಸರಿಯಾಗಿದೆ ಎಂದು ಗೆಳೆಯರು ನಗುತ್ತಾರೆ. ಕಡಲೆಯ ರಾಶಿಯಾದ ಮೇಲೆ ಹೊಸ ಬ್ಯಾಟರಿ ಹಾಕಿಸಿಕೊಡುತ್ತಾರಂತೆ.