ಶ್ರಾವಕನ ಅಂಗಳದಲ್ಲಿ ಅಹಿಂಸಾಣುವ್ರತ



ದೇಲಂಪಾಡಿಯಂತಹ ಗಡಿಗ್ರಾಮದಲ್ಲಿ ತೋಟವಿದ್ದಲ್ಲಿ ನಾಯಿಯೂ, ಅಡಿಕೆಯ ದಾಸ್ತಾನಿದ್ದಲ್ಲಿ ಬೆಕ್ಕೂ ಇರುವುದು ಸಹಜ. ಮಳೆಗಾಲದ ತೇವದಲ್ಲಿ ಅವುಗಳ ಮೈಗೆ ಚಿಗಟ ಹತ್ತಿದಾಗ ಶ್ರಾವಕನು ಧರ್ಮಸಂಕಟಕ್ಕೆ ಸಿಲುಕುತ್ತಾನೆ. ಇರುವೆ, ಹೇನುಗಳಂತೆ ಚಿಗಟವೂ ತ್ರಸಜೀವಿ. ಕೊಂದರೆ ವ್ರತಭಂಗದ ಭಯ. ಸುಮ್ಮನಿದ್ದರೆ ಆಶ್ರಿತ ಪ್ರಾಣಿಯ ನರಳಾಟ.

ಸುಮ್ಮನಿರುವುದು ಅಹಿಂಸೆಯಲ್ಲ. ಸಾಕಿದ ಪ್ರಾಣಿಗೆ ಅನ್ನಪಾನ ತಡೆಯುವುದನ್ನು ಸಹ ಆಚಾರ್ಯರು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿದ್ದಾರೆ. ಚಿಗಟಗಳು ರಕ್ತ ಹೀರಿ ಎಳೆಯ ಮರಿಯನ್ನು ಸಾವಿನಂಚಿಗೆ ಒಯ್ಯಬಲ್ಲವು. ಅವನ್ನು ನುಂಗಿದ ನಾಯಿಗೆ ಲಾಡಿಹುಳುವೂ ತಗಲಬಹುದು. ಇದನ್ನು ಕಂಡೂ ಕಾಣದಂತಿರುವುದು ದಯೆ ಹೇಗಾದೀತು?

ಹಾಗೆಂದು ತೋಟಕ್ಕೆ ತಂದ ವಿಷವನ್ನೇ ಅಂಗಳಕ್ಕೆ ಚೆಲ್ಲುವುದೂ ಸಲ್ಲದು. ಇದೇ ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿಯಿದ್ದುದು ಸಣ್ಣ ಕೀಟ. ಎಣ್ಮಕಜೆ ಮೊದಲಾದ ಊರುಗಳ ಮನೆಮನೆಗಳಲ್ಲಿ ನೋವುಂಡವರು ಮನುಷ್ಯರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಈ ಪಾಠ ನಮ್ಮ ನೆರೆಯದು, ಮರೆಯಬಾರದು.

ಹಾಗಾದರೆ ಮಾರ್ಗವೇನು? ಯತ್ನಾಚಾರವೇ ಮಾರ್ಗ. ಚಿಗಟವು ದಿನಕ್ಕೆ ಹತ್ತಾರು ಮೊಟ್ಟೆಗಳನ್ನಿಡುತ್ತದೆ. ಅವು ಪ್ರಾಣಿಯ ಮೈಯಿಂದ ಜಾರಿ ನೆಲದ ಬಿರುಕು, ಗೋಣಿ, ಚಾಪೆಗಳಲ್ಲಿ ಸೇರುತ್ತವೆ. ಗೂಡಿನೊಳಗಿನ ಕೋಶ ತಿಂಗಳುಗಟ್ಟಲೆ ಕಾದು, ಹೆಜ್ಜೆಯ ಸಪ್ಪಳಕ್ಕೆ ಹೊರಬರಬಲ್ಲದು. ಆದುದರಿಂದ ನಿತ್ಯ ಗುಡಿಸಿ, ಕಸವನ್ನು ದೂರ ಹಾಕಿ, ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ತೊಳೆದು ಬಿಸಿಲಿಗೆ ಒಣಗಿಸಿ, ನೆಲವನ್ನು ತೇವವಿಲ್ಲದಂತಿಟ್ಟರೆ ಸಂತತಿ ಬೆಳೆಯುವುದೇ ಇಲ್ಲ. ಹುಟ್ಟಲು ಎಡೆಗೊಡದವನಿಗೆ ಕೊಲ್ಲುವ ಪ್ರಸಂಗವೂ ಕಡಿಮೆ. ಮೈಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ದಿನವೂ ಬಾಚಬೇಕು.

ಬಾಧೆ ಮಿತಿಮೀರಿದರೆ ಪಶುವೈದ್ಯರನ್ನು ಕೇಳಿಯೇ ಔಷಧ ಕೊಡಿಸಬೇಕು. ನಾಯಿಗೆಂದು ತಯಾರಿಸಿದ ಪರ್ಮೆಥ್ರಿನ್ ಔಷಧವು ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು.

ಇಷ್ಟರಲ್ಲಿಯೂ ಹಿಂಸೆ ಪೂರ್ಣವಾಗಿ ತಪ್ಪದು. ಗೃಹಸ್ಥನಿಗೆ ಗುಡಿಸುವಲ್ಲಿ, ತೊಳೆಯುವಲ್ಲಿ ಆರಂಭೀ ಹಿಂಸೆ ಅನಿವಾರ್ಯ. ಆತನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಉಗುರಿನಲ್ಲಿ ಚಿಗಟವನ್ನು ಹಿಸುಕುವಾಗ ಮನದಲ್ಲೇಳುವ ಸೇಡಿನ ಸಂತೋಷವೇ ಬಂಧಕ್ಕೆ ಕಾರಣ. ಸೋಮಾರಿತನದಿಂದ ಕಸ ಬೆಳೆಸಿ, ಬಳಿಕ ವಿಷ ತರುವವನು ಎರಡು ಬಾರಿ ತಪ್ಪುತ್ತಾನೆ. ಎಚ್ಚರದಿಂದ ಬಾಳಿ, ಅರಿಯದೆ ಆದುದಕ್ಕೆ ಸಂಜೆ ಪ್ರತಿಕ್ರಮಣ ಮಾಡುವವನ ಮನೆಯಲ್ಲಿ ಪೊರಕೆಯೂ ಧರ್ಮೋಪಕರಣವಾಗುತ್ತದೆ.

ಜೈ ಜಿನೇಂದ್ರ.