ಹೆಸರೊಬ್ಬರದು, ದುಡಿಮೆ ಇನ್ನೊಬ್ಬರದು

ಕೃತ, ಕಾರಿತ, ಅನುಮೋದನೆ ಎಂಬ ಮೂರು ಮಾತುಗಳು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ಪರಿಚಿತವಾದವು. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಇನ್ನೊಬ್ಬರು ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಿದ್ದು, ಈ ಮೂರನ್ನೂ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕರ್ಮಾಸ್ರವದ ಲೆಕ್ಕಕ್ಕೆ ಸೇರಿಸಿದೆ. ಅಡುಗೆಮನೆಯ ಮಟ್ಟಿಗೆ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಕುಟುಂಬಗಳು ಇಂದಿಗೂ ಬಹಳ. ಪೇಟೆಗೆ ಬಂದಾಗ ಮಾತ್ರ ನಡುವಣ ಶಬ್ದವಾದ 'ಕಾರಿತ'ವು ಸದ್ದಿಲ್ಲದೆ ಖಾತೆಯಿಂದ ಬಿಟ್ಟುಹೋಗುತ್ತದೆ. 'ಗುತ್ತಿಗೆ ಕೊಟ್ಟಾಗಿದೆ, ಮುಂದಿನದು ಗುತ್ತಿಗೆದಾರನ ಜವಾಬ್ದಾರಿ' ಎಂಬ ಒಂದು ಮಾತಿನಿಂದ ಎಷ್ಟೋ ಸಜ್ಜನರು ನಿಶ್ಚಿಂತರಾಗಿ ನಿದ್ರಿಸುತ್ತಾರೆ. ಈ ನಿಶ್ಚಿಂತೆ ಎಷ್ಟರಮಟ್ಟಿಗೆ ನ್ಯಾಯವೆಂಬುದು ವಿಚಾರಣೀಯವಾಗಿದೆ.

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ, ಕಾಗದದ ಮೇಲೆ ಅಂಕಿಗಳಲ್ಲಿ ಬರೆದಿಟ್ಟವರು ಶಾಸ್ತ್ರಜ್ಞರಲ್ಲ, ಅಮೆರಿಕದ ವಿಮಾನ ಚಾಲಕರು ಎಂಬುದು ವಾಚಕರಿಗೆ ವಿಚಿತ್ರವೆನಿಸಬಹುದು. ಆ ದೇಶದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಗೊಂಡ ಬಳಿಕ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಹೆಚ್ಚು ಹೆಚ್ಚಾಗಿ ಚಿಕ್ಕ ಕಂಪನಿಗಳಿಗೆ ವಹಿಸಿಕೊಟ್ಟವು. ಟಿಕೆಟ್ ಮಾರುವುದು ದೊಡ್ಡ ಕಂಪನಿ. ವಿಮಾನದ ಬಾಲಕ್ಕೆ ಬಳಿದ ಬಣ್ಣವೂ ಅದರದೇ. ಹಾರಿಸುವವನು ಮಾತ್ರ ಬೇರೆ ಕಂಪನಿಯ ನೌಕರ, ಸಂಬಳವೂ ಬಹಳ ಕಡಿಮೆ. 1990ರ ದಶಕದಲ್ಲಿ ಕೆನಡಾದ ಬೊಂಬಾರ್ಡಿಯರ್ ಮತ್ತು ಬ್ರೆಜಿಲ್‌ನ ಎಂಬ್ರೇಯರ್ ಸಂಸ್ಥೆಗಳು 50 ಆಸನಗಳ ಜೆಟ್ ವಿಮಾನಗಳನ್ನು ತಯಾರಿಸಿದ ಮೇಲೆ ಈ ಪದ್ಧತಿಗೆ ರೆಕ್ಕೆ ಬಂದಿತು. ಆಗ ದೊಡ್ಡ ಕಂಪನಿಗಳ ಪೈಲಟರು ತಮ್ಮ ವೇತನ ಒಪ್ಪಂದದಲ್ಲಿಯೇ ಒಂದು ಗೆರೆಯನ್ನು ಬಿಗಿಗೊಳಿಸಿದರು: ಇಷ್ಟು ಆಸನಗಳಿಗಿಂತ, ಇಷ್ಟು ತೂಕಕ್ಕಿಂತ ದೊಡ್ಡದಾದ ವಿಮಾನವನ್ನು ಕಂಪನಿಯು ಹೊರಗಿನವರಿಂದ ಹಾರಿಸತಕ್ಕದ್ದಲ್ಲ. ಇದಕ್ಕೆ ಅಲ್ಲಿ 'ಸ್ಕೋಪ್' ಎಂದು ಹೆಸರು. ವ್ಯಾಪ್ತಿಯ ಷರತ್ತು ಎನ್ನಬಹುದು. 2001ರ ನಂತರ ಕಂಪನಿಗಳು ದಿವಾಳಿಯ ಅಂಚಿಗೆ ಬಂದಾಗ ಪೈಲಟರು ಬಿಟ್ಟುಕೊಡಬೇಕಾಯಿತು. ಗೆರೆಯು 50ರಿಂದ 70ಕ್ಕೆ, ಅಲ್ಲಿಂದ 76 ಆಸನಗಳಿಗೆ ಸರಿದು, 86,000 ಪೌಂಡು, ಅಂದರೆ ಸುಮಾರು 39 ಟನ್ ತೂಕದಲ್ಲಿ ನಿಂತಿತು.

ಒಂದು ಒಪ್ಪಂದದ ವಾಕ್ಯಕ್ಕೆ ಎಷ್ಟು ಬಲವಿರಬಲ್ಲದು ನೋಡಿರಿ. 2019ರಲ್ಲಿ ಯುನೈಟೆಡ್ ಕಂಪನಿಯು 70 ಆಸನಗಳ ವಿಮಾನದಿಂದ 20 ಆಸನ ಕಿತ್ತು, 50 ಆಸನಗಳ ಹೊಸ ಮಾದರಿಯೆಂದು ಹಾರಿಸಿತು. ಎಂಬ್ರೇಯರ್ ಸಂಸ್ಥೆಯು ಇಂಧನ ಉಳಿಸುವ ಹೊಸ ಇಂಜಿನ್ನಿನ ವಿಮಾನವೊಂದನ್ನು ರೂಪಿಸಿದರೂ, ಅದರ ತೂಕ ಗೆರೆಯನ್ನು ದಾಟುತ್ತಿದ್ದ ಕಾರಣ 2022ರಲ್ಲಿ ಆ ಕೆಲಸವನ್ನು ತಡೆಹಿಡಿಯಿತು.

ಇದು ಪೈಲಟರ ಸ್ವಾರ್ಥವಲ್ಲವೇ ಎಂದು ಕೇಳಬಹುದು. ಸ್ವಾರ್ಥ ಇದ್ದೇ ಇದೆ. ಗೆರೆಯ ಒಳಗಿದ್ದವರು ಮೇಲಿನ ಸಂಬಳ ಉಳಿಸಿಕೊಂಡರು. ಹೊರಗಿದ್ದ ಚಿಕ್ಕ ಕಂಪನಿಯ ಪೈಲಟನು ದೊಡ್ಡ ವಿಮಾನ ಹಾರಿಸುವ ಯೋಗ್ಯತೆಯಿದ್ದರೂ ಹೊರಗೇ ಉಳಿದನು. ಇಬ್ಬರೂ ಒಂದೇ ಸಂಘದ ಸದಸ್ಯರು. ಆ ಸಂಘವೇ ತಮಗೆ ಅನ್ಯಾಯ ಮಾಡಿತೆಂದು ಚಿಕ್ಕ ಕಂಪನಿಗಳ ಕೆಲವು ಪೈಲಟರು 2001ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಗೆರೆ ಎಳೆಯುವಾಗ ಅವರ ಅಭಿಪ್ರಾಯವನ್ನು ಯಾರು ಕೇಳಿದರು ಎಂಬ ಅವರ ಅಳಲನ್ನು ಅಲ್ಲಗಳೆಯಲಾಗದು. ಆದರೆ ಸ್ವಾರ್ಥದ ಬಾಯಿಂದ ಬಂದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. 2009ರ ಫೆಬ್ರವರಿ 12ರಂದು ಬಫಲೊ ನಗರದ ಸಮೀಪ ಕಾಂಟಿನೆಂಟಲ್ ಹೆಸರಿನಲ್ಲಿ ಟಿಕೆಟ್ ಮಾರಿದ, ಕೋಲ್ಗನ್ ಎಂಬ ಚಿಕ್ಕ ಕಂಪನಿಯು ಹಾರಿಸಿದ ವಿಮಾನ ಬಿದ್ದು, ಒಳಗಿದ್ದ 49 ಮಂದಿಯೂ ಕೆಳಗೆ ಮನೆಯಲ್ಲಿದ್ದ ಒಬ್ಬರೂ ಮೃತರಾದರು. ಮುಖ್ಯ ಪೈಲಟನು ತಪ್ಪು ಮಾಡಿದನೆಂದು ತನಿಖೆ ಹೇಳಿತು. ಅದೇ ತನಿಖೆಯಲ್ಲಿ ಸಹಪೈಲಟಳ ವಾರ್ಷಿಕ ಸಂಬಳ ಸುಮಾರು 16,000 ಡಾಲರುಗಳೆಂಬುದೂ, ಆಕೆ ದೇಶದ ಇನ್ನೊಂದು ತುದಿಯಿಂದ ರಾತ್ರಿಯೆಲ್ಲ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದಳೆಂಬುದೂ ಬೆಳಕಿಗೆ ಬಂದವು. ಟಿಕೆಟ್ ಮಾರುವಾಗಲೇ ವಿಮಾನ ಹಾರಿಸುವವರು ಯಾರೆಂದು ಸ್ಪಷ್ಟವಾಗಿ ತಿಳಿಸಬೇಕೆಂದು 2010ರಲ್ಲಿ ಆ ದೇಶವು ಕಾಯಿದೆ ಮಾಡಿತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವೆಂಬುದೊಂದಿದೆ: ಒಂದನ್ನು ತೋರಿಸಿ, ಅದರಂತೆಯೇ ಕಾಣುವ ಇನ್ನೊಂದನ್ನು ಕೊಡುವುದು. ತುಪ್ಪಕ್ಕೆ ಎಣ್ಣೆ ಬೆರೆಸುವವನಿಗೆ ಮಾತ್ರ ಅದು ಅನ್ವಯಿಸುತ್ತದೆಂದು ಭಾವಿಸಬೇಕಾಗಿಲ್ಲ.

ಬೆಳಗಾವಿ ಜಿಲ್ಲೆಯವರಿಗೆ ಚಿಕ್ಕ ಜೆಟ್ ವಿಮಾನ ಹೊಸತೇನಲ್ಲ. 2019ರಿಂದ ಉಡಾನ್ ಯೋಜನೆಯಡಿ ಸಾಂಬ್ರಾ ನಿಲ್ದಾಣದಿಂದ 50 ಆಸನಗಳ ಎಂಬ್ರೇಯರ್ ವಿಮಾನಗಳು ಹಾರಿದವು. ಹುಕ್ಕೇರಿ, ಗೋಕಾಕಗಳ ವ್ಯಾಪಾರಸ್ಥರು ಅವುಗಳಲ್ಲಿ ಪ್ರಯಾಣಿಸಿದ್ದಾರೆ. ಅವುಗಳನ್ನು ಹಾರಿಸಿದ ಸ್ಟಾರ್ ಏರ್ ಸಂಸ್ಥೆಯು ಟಿಕೆಟ್ಟನ್ನು ತನ್ನದೇ ಹೆಸರಿನಲ್ಲಿ ಮಾರಿತು. ಆದ್ದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಚಿಕ್ಕ ವಿಮಾನದಲ್ಲಿ ದೋಷವಿಲ್ಲ, ಎರವಲು ಹೆಸರಿನಲ್ಲಿದೆ. ಅಮೆರಿಕದ ಪದ್ಧತಿಯ ಪ್ರತಿಬಿಂಬವನ್ನು ನೋಡಬೇಕಾದರೆ ಬೆಂಗಳೂರಿನ ಬೀದಿಗೆ ಹೋಗಬೇಕು. 2021ರ ಡಿಸೆಂಬರಿನಿಂದ ಅಲ್ಲಿ ಓಡತೊಡಗಿದ ನಗರ ಸಾರಿಗೆ ಸಂಸ್ಥೆಯ ವಿದ್ಯುತ್ ಬಸ್ಸುಗಳಲ್ಲಿ ನಿರ್ವಾಹಕನು ಸಂಸ್ಥೆಯ ನೌಕರ, ಚಾಲಕನು ಕಿಲೋಮೀಟರಿಗೆ ಇಷ್ಟೆಂದು ಹಣ ಪಡೆಯುವ ಗುತ್ತಿಗೆ ಕಂಪನಿಯ ನೌಕರ. ಒಂದೇ ಬಸ್ಸಿನಲ್ಲಿ ಇಬ್ಬರು, ಇಬ್ಬರಿಗೂ ಬೇರೆ ಬೇರೆ ಒಡೆಯರು.

ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೂ ಹಳೆಯ ಉದಾಹರಣೆಯೊಂದುಂಟು. ಬೀಡಿಯ ಕಟ್ಟಿನ ಮೇಲೆ ಮಾಲೀಕನ ಮುದ್ರೆ. ಸುತ್ತಿದವಳು ಮಾತ್ರ ಗುತ್ತಿಗೆದಾರನಿಂದ ಎಲೆ, ತಂಬಾಕು ಪಡೆದು ಮನೆಯಲ್ಲಿ ಕುಳಿತ ಹೆಣ್ಣುಮಗಳು. ಮಾಲೀಕನನ್ನು ಕೇಳಿದರೆ ಅವಳು ಯಾರೋ ತನಗೆ ಗೊತ್ತಿಲ್ಲವೆನ್ನುವನು. 1966ರ ಬೀಡಿ ಕಾರ್ಮಿಕರ ಕಾಯಿದೆಯು ಈ ಗೊತ್ತಿಲ್ಲದಿರುವಿಕೆಯನ್ನು ಒಪ್ಪಲಿಲ್ಲ; ಮೂಲ ಒಡೆಯನನ್ನು ಹುಡುಕಿ ಹೊಣೆಗಾರನನ್ನಾಗಿಸಿತು. ಮಂಗಳೂರು ಗಣೇಶ ಬೀಡಿ ಕಂಪನಿಯೇ ಮೊದಲಾದವರು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ತಂಬಾಕಿನ ವ್ಯಾಪಾರವೇ ಶ್ರಾವಕನಿಗೆ ಉಚಿತವೇ ಎಂಬುದು ಬೇರೆ ಚರ್ಚೆ. ಹುಕ್ಕೇರಿಗೆ ದೂರವಲ್ಲದ ನಿಪ್ಪಾಣಿಯ ಪೇಟೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಇನ್ನು ಕಬ್ಬಿನ ಸೀಮೆ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರಿನಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕಬ್ಬಿನ ನಾಡಾಗಿವೆ. ಇಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಒಳಗೆ ದುಡಿಯುವವನಿಗೆ ಹಾಜರಿ ಪುಸ್ತಕವುಂಟು, ಭವಿಷ್ಯನಿಧಿಯುಂಟು. ಗೇಟಿನ ಹೊರಗೆ, ಹೊಲದಲ್ಲಿ ಕಬ್ಬು ಕಡಿಯುವವನಿಗೆ ಒಡೆಯ ಯಾರು? ಕಾರ್ಖಾನೆಯು ಕಟಾವು ಮತ್ತು ಸಾಗಾಣಿಕೆಗೆಂದು ವಾಹನದ ಮಾಲೀಕನೊಡನೆ ಕರಾರು ಮಾಡಿಕೊಂಡು ಮುಂಗಡ ಕೊಡುತ್ತದೆ. ಅವನು ಆ ಮುಂಗಡವನ್ನು ಮುಕಾದಮನಿಗೆ ಕೊಡುತ್ತಾನೆ. ಮುಕಾದಮನು ಬೀಡ ಜಿಲ್ಲೆಯ ಅಥವಾ ವಿಜಯಪುರ ಸೀಮೆಯ ಒಣ ಹಳ್ಳಿಗಳಲ್ಲಿ ಗಂಡ ಹೆಂಡತಿಯರ ಜೋಡಿಗಳಿಗೆ ಅದನ್ನು ಹಂಚಿ ಗ್ಯಾಂಗು ಕಟ್ಟುತ್ತಾನೆ. ದೀಪಾವಳಿಯ ಹೊತ್ತಿಗೆ ಮಕ್ಕಳು, ಎತ್ತು, ಪಾತ್ರೆಪಗಡಗಳ ಸಮೇತ ಅವರು ಬಂದು ಜೋಪಡಿ ಹಾಕುತ್ತಾರೆ. ಕಡಿದ ಟನ್ನಿನ ಲೆಕ್ಕದಲ್ಲಿ ಮುಂಗಡ ತೀರಬೇಕು. ತೀರದಿದ್ದರೆ ಬಾಕಿ ಮುಂದಿನ ಹಂಗಾಮಿಗೆ ಸಾಗುತ್ತದೆ. ಕಟಾವಿನ ಖರ್ಚನ್ನು ರೈತನ ಬಿಲ್ಲಿನಲ್ಲಿ ಕಡಿದುಕೊಳ್ಳುವುದರಿಂದ ಕಾರ್ಖಾನೆಯು ಅವರು ರೈತನ ಆಳುಗಳೆನ್ನುವುದು. ಗ್ಯಾಂಗನ್ನು ಕಳಿಸಿದ್ದು ಕಾರ್ಖಾನೆ, ತನಗೆ ಅವರ ಹೆಸರೂ ತಿಳಿಯದೆಂದು ರೈತನು ಹೇಳುವನು. ವಾಹನದವನು ಮುಕಾದಮನತ್ತ ಬೆರಳು ಮಾಡುವನು. ಮುಕಾದಮನಂತೂ ಸ್ವತಃ ಸಾಲಗಾರ. ಹೀಗೆ ನಾಲ್ಕು ಕೈ ದಾಟುವಷ್ಟರಲ್ಲಿ ಕಾರಿತದ ದೋಷವು ಯಾರ ಖಾತೆಗೂ ಬೀಳದೆ ಗಾಳಿಯಲ್ಲಿ ಕರಗಿತೆಂದು ಎಲ್ಲರೂ ನಂಬಿರುತ್ತಾರೆ. ಒಂದು ನೂರು ರೂಪಾಯಿ ನಾಲ್ಕು ಕೈ ದಾಟಿದರೆ ಪ್ರತಿಯೊಬ್ಬನೂ ತನ್ನ ಪಾಲನ್ನು ಪೈಸೆಯವರೆಗೆ ಲೆಕ್ಕವಿಡುತ್ತಾನೆ. ದೋಷ ಮಾತ್ರ ದಾರಿಯಲ್ಲಿ ಕಳೆದುಹೋಗುವುದು ಹೇಗೆ?

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ದರ ಕೇಳಿ ಹಗಲು ರಾತ್ರಿ ಧರಣಿ ಕುಳಿತರು. ಕೊನೆಗೆ ಕಟಾವು ಮತ್ತು ಸಾಗಾಣಿಕೆ ವೆಚ್ಚ ಹೊರತುಪಡಿಸಿ 3,300 ರೂಪಾಯಿಗೆ ಇತ್ಯರ್ಥವಾಯಿತು. ರೈತರ ಬೇಡಿಕೆ ನ್ಯಾಯವಾದದ್ದೇ. ಆದರೆ ಮಾತುಕತೆ ನಡೆದದ್ದು ರೈತರು, ಕಾರ್ಖಾನೆಗಳು, ಸರ್ಕಾರ ಈ ಮೂವರ ನಡುವೆ. ಕಬ್ಬು ಕಡಿಯುವವರು ಆ ಮಾತಿನಲ್ಲಿ ಬಂದದ್ದು 'ಹೊರತುಪಡಿಸಿ' ಎಂಬ ಶಬ್ದದ ಹಿಂದೆ. ಅಮೆರಿಕದ ಚಿಕ್ಕ ಕಂಪನಿಯ ಪೈಲಟನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ: ಗೆರೆ ಎಳೆಯುವವರೂ ಬೇರೆ, ಗೆರೆಯ ಆಚೆಗಿರುವವರೂ ಬೇರೆ.

ವ್ಯಾಪಾರಸ್ಥರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಅದು ಹಗುರವಾದ ಆಕ್ಷೇಪವಲ್ಲ. ಮಾಡಿಸುವುದೇ ವ್ಯಾಪಾರವಾಗಿರುವಾಗ ಎಲ್ಲ ಕಾರಿತಕ್ಕೂ ಹೊಣೆಯೆಂದರೆ ಅಂಗಡಿಯ ಬಾಗಿಲನ್ನೇ ಹಾಕಬೇಕಾದೀತು. ಬಾಡಿಗೆ ಲಾರಿಯ ಚಾಲಕ ಊಟ ಮಾಡಿದನೋ ಇಲ್ಲವೋ ಎಂದು ಯಾರು ವಿಚಾರಿಸಲು ಸಾಧ್ಯ? ಗೃಹಸ್ಥನಿಗೆ ವಿಧಿಸಿರುವುದು ಅಣುವ್ರತವೇ ಹೊರತು ಮಹಾವ್ರತವಲ್ಲ, ನಿಜ. ಆದರೂ ವರ್ಷಕ್ಕೊಮ್ಮೆ ಕರೆಸುವ ಬಡಿಗನಿಗೂ ವರ್ಷಪೂರ್ತಿ ಗುತ್ತಿಗೆಯಲ್ಲಿ ಇಟ್ಟುಕೊಂಡ ಆಳಿಗೂ ವ್ಯತ್ಯಾಸವಿದೆ. ಬಡಿಗನು ತನ್ನ ದರವನ್ನು ತಾನೇ ಹೇಳುತ್ತಾನೆ. ಒಪ್ಪಿಗೆಯಾಗದಿದ್ದರೆ ಚೀಲ ಎತ್ತಿಕೊಂಡು ಹೋಗುತ್ತಾನೆ. ಗುತ್ತಿಗೆಯ ಆಳಿನ ಕೂಲಿ ನಿಶ್ಚಯವಾಗುವುದು ಮೇಲಿನವನು ಒಪ್ಪಿದ ಟೆಂಡರಿನ ಮೊತ್ತದಿಂದ. ಆ ಮೊತ್ತದಲ್ಲಿ ನ್ಯಾಯವಾದ ಕೂಲಿ ಹುಟ್ಟುವುದೇ ಇಲ್ಲವೆಂದು ಲೆಕ್ಕ ಬಲ್ಲ ವ್ಯಾಪಾರಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ತಿಳಿದೂ ಸಹಿ ಹಾಕಿದರೆ ಅದು ಕಾರಿತವಷ್ಟೇ ಅಲ್ಲ, ಅನುಮೋದನೆಯೂ ಹೌದು.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ, ವಧ, ಛೇದಗಳ ಜೊತೆಗೆ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಹೇಳಿರುವುದು ಇಲ್ಲಿ ಗಮನಾರ್ಹ. ಶಕ್ತಿ ಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು. ಕಬ್ಬು ತುಂಬಿದ ಚಕ್ಕಡಿಗೆ ಹೂಡಿದ ಎತ್ತು ಏರಿನಲ್ಲಿ ಮಂಡಿಯೂರಿದಾಗ ಮರುಗದ ಶ್ರಾವಕನಿಲ್ಲ. ಗಾಡಿ ಬಾಡಿಗೆಯದು, ಎತ್ತು ತನ್ನದಲ್ಲ ಎಂದು ಯಾರೂ ಸಮಾಧಾನ ಹೇಳಿಕೊಳ್ಳುವುದಿಲ್ಲ. ಆ ಎತ್ತಿಗೆ ದೊರೆಯುವ ಕರುಣೆ ಅದನ್ನು ಹೊಡೆಯುವವನಿಗೂ, ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಹಲಗೆಯೇರುವ ಅವನ ಹೆಂಡತಿಗೂ ದೊರೆಯಬೇಡವೇ?

ಕಾನೂನು ಈ ವಿಷಯದಲ್ಲಿ ತೂಗುಯ್ಯಾಲೆಯಾಡಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ನಿರಂತರವಾಗಿ ನಡೆಯುವ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಏರ್ ಇಂಡಿಯಾದ ಕಟ್ಟಡಗಳ ಕಸ ಗುಡಿಸುವವರ ಮೊಕದ್ದಮೆಯಲ್ಲಿ, ಗುತ್ತಿಗೆ ನಿಷೇಧವಾದರೆ ಆ ಕೆಲಸಗಾರರು ಮೂಲ ಒಡೆಯನ ನೌಕರರೇ ಆಗುವರೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಹೇಳಿತು. 2001ರ ಆಗಸ್ಟಿನಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ದೊಡ್ಡ ಪೀಠವು ಅದನ್ನು ತಳ್ಳಿಹಾಕಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯು ಸಂಸ್ಥೆಯ ಮೂಲ ಚಟುವಟಿಕೆಯಲ್ಲಿ ಗುತ್ತಿಗೆಯನ್ನು ನಿಷೇಧಿಸಿ, ಹಲವು ವಿನಾಯಿತಿಗಳನ್ನು ಕೊಟ್ಟಿದೆ. ಕಸ ಗುಡಿಸುವುದು, ಕಾವಲು, ಕ್ಯಾಂಟೀನು, ಸರಕು ಏರಿಸಿ ಇಳಿಸುವುದು ಸಾಮಾನ್ಯವಾಗಿ ಮೂಲ ಚಟುವಟಿಕೆಗಳಲ್ಲವಂತೆ. ಪೈಲಟರು ತೂಕದಿಂದ ಗೆರೆ ಎಳೆದರು, ಸಂಹಿತೆಯು ಪೊರಕೆಯಿಂದ ಎಳೆಯಿತು.

ಬಸದಿಯ ಟ್ರಸ್ಟುಗಳಿಗೂ ಈ ವಿಚಾರ ಹೊರತಲ್ಲ. ರಾತ್ರಿ ಕಾವಲಿನವನು, ಅಂಗಳ ಗುಡಿಸುವವಳು, ಚಾತುರ್ಮಾಸದಲ್ಲಿ ಭೋಜನಶಾಲೆಗೆ ನೀರು ಹೊರುವವರು, ಇವರನ್ನು ಈಗ ಏಜೆನ್ಸಿಗಳಿಂದ ಪಡೆಯುವ ರೂಢಿ ಬೆಳೆಯುತ್ತಿದೆ. ಮೂರು ಕೊಟೇಶನ್ ತರಿಸಿ ಕಡಿಮೆಯದನ್ನು ಒಪ್ಪಿದರೆ ಸಮಾಜದ ಹಣ ಉಳಿಸಿದಂತೆ ಎಂದು ಟ್ರಸ್ಟಿಗಳು ಪ್ರಾಮಾಣಿಕವಾಗಿಯೇ ತಿಳಿಯುತ್ತಾರೆ. ಆಡಿಟ್ ವರದಿಯಲ್ಲಿ 'ಏಜೆನ್ಸಿಗೆ ಪಾವತಿ' ಎಂಬ ಒಂದೇ ಸಾಲು ಇರುತ್ತದೆ. ಅದರೊಳಗೆ ಎಷ್ಟು ಜನ, ಯಾರಿಗೆ ಎಷ್ಟು ಎಂಬುದು ಕಾಣುವುದಿಲ್ಲ. 1970ರ ಕಾಯಿದೆಯಲ್ಲಿ ಹೆಚ್ಚು ಪ್ರಚಾರ ಪಡೆಯದ ಕಲಮೊಂದಿತ್ತು. ಗುತ್ತಿಗೆದಾರನು ಕೂಲಿ ಬಟವಾಡೆ ಮಾಡುವಾಗ ಮೂಲ ಒಡೆಯನ ಪ್ರತಿನಿಧಿಯೊಬ್ಬನು ಎದುರಿಗಿದ್ದು, ಇಷ್ಟು ಕೊಟ್ಟದ್ದು ನಿಜವೆಂದು ಸಹಿ ಹಾಕಬೇಕಾಗಿತ್ತು. 20 ಮಂದಿಗಿಂತ ಕಡಿಮೆ ಆಳುಗಳಿದ್ದಲ್ಲಿ ಅದು ಅನ್ವಯಿಸುತ್ತಿರಲಿಲ್ಲ. ಹೊಸ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ನಿಯಮಗಳ ಮಿತಿ 50ಕ್ಕೆ ಏರಿದೆ. ಆದ್ದರಿಂದ ಬಹುತೇಕ ಬಸದಿಗಳನ್ನು ಕಾನೂನು ಈ ವಿಷಯದಲ್ಲಿ ಕೇಳುವುದಿಲ್ಲ. ಆದರೆ ತಿಂಗಳಿಗೊಮ್ಮೆ ಬಟವಾಡೆಯ ದಿನ ಒಬ್ಬ ಟ್ರಸ್ಟಿಯು ಅರ್ಧ ತಾಸು ಆ ಮೇಜಿನ ಬಳಿ ಕುಳಿತು, ಕಾವಲಿನವನ ಕೈಗೆ ಬಿದ್ದದ್ದೆಷ್ಟು ಎಂದು ಎಣಿಸಿ ಸಹಿ ಹಾಕುವುದಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ.