ಎಷ್ಟು ಹನಿ ಬಿಳಿ?

ಕಳೆದ ತಿಂಗಳು 1/72 ಅಳತೆಯ ಹಾಕರ್ ಹರಿಕೇನ್ ಕಿಟ್ ಒಂದಕ್ಕೆ ಬಣ್ಣ ಕಲಸುತ್ತ ಕೂತಿದ್ದೆ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ನಾಯಕತ್ವದ 1ನೇ ಸ್ಕ್ವಾಡ್ರನ್ ಹಾರಿಸುತ್ತಿದ್ದ ಬಗೆಯ ವಿಮಾನ. ಮೇಲ್ಮೈಗೆ ಮಣ್ಣಿನ ಕಂದು ಮತ್ತು ಕಡುಹಸಿರು, ಕೆಳಮೈಗೆ ಬೂದು.

ಡಬ್ಬಿಯಲ್ಲಿರುವ ಬಣ್ಣವನ್ನು ಹಾಗೇ ಬಳಿದರಾಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಗೇಣಿಗೂ ಕಡಿಮೆ ಉದ್ದದ ರೆಕ್ಕೆಯ ಮೇಲೆ ಅಸಲಿ ಬಣ್ಣ ಕಪ್ಪಗೆ, ಭಾರವಾಗಿ ಕಾಣುತ್ತದೆ. ಈ ಮಾದರಿಯನ್ನು ಒಂದಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ದೂರ ಹೆಚ್ಚಿದಷ್ಟೂ ಬಣ್ಣ ತಿಳಿಯಾಗಬೇಕು ಎಂಬುದು ವಾದ. ಇದಕ್ಕೆ ಸ್ಕೇಲ್ ಎಫೆಕ್ಟ್ ಎನ್ನುತ್ತಾರೆ. 1/72ಕ್ಕೆ ಶೇಕಡ 15, 1/48ಕ್ಕೆ ಶೇಕಡ 10ರಷ್ಟು ಬಿಳಿ ಬೆರೆಸುವ ಲೆಕ್ಕವೊಂದು ಚಾಲ್ತಿಯಲ್ಲಿದೆ.

72 ಅಡಿ ಗಾಳಿ ಅಷ್ಟೊಂದು ಬಣ್ಣ ತಿನ್ನುತ್ತದೆಯೇ? ನನಗೆ ನಂಬಿಕೆಯಿಲ್ಲ. ಬಿಸಿಲಿನಲ್ಲಿ ನಿಂತ ವಿಮಾನಕ್ಕೂ ಟ್ಯೂಬ್‌ಲೈಟಿನ ಕೆಳಗಿನ ಮಾದರಿಗೂ ಬೆಳಕಿನಲ್ಲಿರುವ ಅಂತರವೇ ದೊಡ್ಡ ಕಾರಣವಿರಬೇಕು. ಆದರೂ ಬಿಳಿ ಹಾಕುತ್ತೇನೆ. ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದು, ಒಣಗಲು ಬಿಟ್ಟು (ಅಕ್ರಿಲಿಕ್ ಒಣಗಿದ ಮೇಲೆ ಇನ್ನಷ್ಟು ಗಾಢವಾಗುತ್ತದೆ), ಕಿಟಕಿಯ ಹತ್ತಿರ ಹಿಡಿದು ನೋಡಿ, ಇನ್ನೊಂದು ಹನಿ. ಇದು ಸುಳ್ಳೇ? ಅಸಲಿ ವಿಮಾನ ಕಂಡ ಹಾಗೆಯೇ ನೋಡುವವನಿಗೆ ಕಾಣಲಿ ಎಂಬ ಉದ್ದೇಶವಿದ್ದ ಮೇಲೆ ಸುಳ್ಳಲ್ಲ ಎಂದುಕೊಂಡಿದ್ದೆ.

ಕೆಂಪಿನಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಬಿಳಿ ಬಿದ್ದರೆ ಗುಲಾಬಿ. ಅದಕ್ಕೇ ತುಸು ಹಳದಿಯನ್ನೋ ಕಿತ್ತಳೆಯನ್ನೋ ಬೆರೆಸುತ್ತೇವೆ.

ಸ್ಟೇಟಸ್ ರಿಪೋರ್ಟಿನ ಮೂರು ಬಣ್ಣ ಇದನ್ನು ಓದುವ ಬಹಳ ಜನರಿಗೆ ಗೊತ್ತು: ಹಸಿರು, ಆಂಬರ್, ಕೆಂಪು. ಮೂರು ವರ್ಷದ ಹಿಂದೆ ನನ್ನ ಪ್ರಾಜೆಕ್ಟೊಂದು ಕೆಂಪಾಗಿತ್ತು. ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹುಡುಗಿ ಕೆಂಪೆಂದೇ ಬರೆದು ಕಳಿಸಿದ್ದಳು. ನಾನು ಹಳದಿ ಬೆರೆಸಿದೆ. ಮೇಲಿನವರು ದೂರದಿಂದ ನೋಡುವವರು, ಇಲ್ಲಿಯ ಕಿಡಿ ಅಲ್ಲಿಗೆ ಕಾಡ್ಗಿಚ್ಚಾಗಿ ಕಾಣುತ್ತದೆ, ಎಷ್ಟಿದೆಯೋ ಅಷ್ಟೇ ಕಾಣಲಿ ಎಂದು ತಿಳಿ ಮಾಡುತ್ತಿದ್ದೇನೆ ಎಂದುಕೊಂಡೆ. ಮೇಜಿನ ಮೇಲಿನ ವಾದವೇ ಆಫೀಸಿಗೆ ಬಂದಿತ್ತು. ಆರು ವಾರದ ನಂತರ ಎಲ್ಲ ಕುಸಿದಾಗ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಅವಳ ಪಾಲಿಗೆ ಬಂತು. ಆ ಮೀಟಿಂಗಿನಲ್ಲಿ ನಾನಿದ್ದೆ. ಅವಳು ನನ್ನತ್ತ ನೋಡಿದಳು. ನಾನು ಲ್ಯಾಪ್‌ಟಾಪ್ ನೋಡಿದೆ.

ಹರಿಕೇನ್ ವಿಷಯಕ್ಕೆ ಬರುತ್ತೇನೆ. ಬ್ರಿಟಿಷ್ ವಿಮಾನಗಳ ವೃತ್ತಚಿಹ್ನೆಯ ನಡುವೆ ಕೆಂಪು ಬೊಟ್ಟಿರುತ್ತಿತ್ತು. ಜಪಾನಿನ ವಿಮಾನಗಳ ಗುರುತೂ ಕೆಂಪು ವೃತ್ತವೇ. ಅವಸರದಲ್ಲಿ ನೋಡಿದವನು ತನ್ನವರನ್ನೇ ಹೊಡೆದಾನೆಂದು 1943ರ ಹೊತ್ತಿಗೆ ಭಾರತ, ಬರ್ಮಾ ಕಡೆಯ ವಿಮಾನಗಳಿಂದ ಕೆಂಪನ್ನೇ ತೆಗೆದು, ನೀಲಿಯ ನಡುವೆ ತಿಳಿನೀಲಿ ಬೊಟ್ಟಿಟ್ಟರು. ಅವರೂ ದೂರದ ಕಣ್ಣನ್ನು ನೆನೆದೇ ಬಣ್ಣ ಬದಲಿಸಿದ್ದು. ಆ ಕಣ್ಣು ತಪ್ಪು ತಿಳಿಯದಿರಲಿ ಎಂದು ಅವರು ಬದಲಿಸಿದರು. ಅದಕ್ಕೆ ಏನೂ ತಿಳಿಯದಿರಲಿ ಎಂದು ನಾನು. ಈ ವ್ಯತ್ಯಾಸ ಆಗ ನನಗೆ ಹೊಳೆದಿರಲಿಲ್ಲ ಎಂದರೆ ಅದೂ ಬಿಳಿ ಬೆರೆಸಿದ ಮಾತೇ.

ಅವಳೀಗ ಬೇರೆ ಕಂಪನಿಯಲ್ಲಿದ್ದಾಳೆ. ನಂಬರ್ ಇದೆ. ತಿಳಿನೀಲಿ ಒಣಗಲು ಕಾಯುವಾಗ ಮೂರು ಸಲ ಫೋನ್ ಕೈಗೆತ್ತಿಕೊಂಡೆ. ಹೇಗೆ ಶುರು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ.